ನಾಶಪಟ್ಟಿ

ಮೂವತ್ತೊಂದು ವರ್ಷ ಕೋರ್ಟಿನ ರೆಕಾರ್ಡ್ ರೂಮಿನ ಕೀಲಿ
ನನ್ನ ಸೊಂಟದಲ್ಲಿತ್ತು.
ಕೆಂಪು ಬಟ್ಟೆಯ ಬಸ್ತಾ, ಬೇವಿನ ಸೊಪ್ಪು, ನುಸಿಗುಳಿಗೆ.
ಗೆದ್ದಲಿಗೆ ದಾವೆ ಯಾವುದು ಜವಾಬು ಯಾವುದೆಂಬ ಭೇದವಿಲ್ಲ.
ಕೂಡಿಡುವುದೆಂದರೇನು ಅಂತ
ನನಗೆ ಯಾರೂ ಹೇಳಿಕೊಡಬೇಕಿಲ್ಲ
ಅಂದುಕೊಂಡೇ
ಗ್ರ್ಯಾಚುಯಿಟಿಯ ಒಂದು ಪಾಲು ಹಿಡಿದು ಕೂತಿದ್ದೇನೆ
ಗೋಪಾಳದ ಮನೆಯ ಊಟದ ಮೇಜಿಗೆ.
ಸಂಜೆ ಏಳು. ಆ ದೇಶದಲ್ಲಿ ಪೇಟೆ ತೆರೆಯುವ ಹೊತ್ತು.

ಮೂರು ಕಂಪನಿ. ಹೆಸರು ನಾಲಿಗೆಗೆ ಹೊರಳವು,
ಅಡ್ಡಹೆಸರು ನಾನೇ ಇಟ್ಟೆ.
ತಿರುಗುವವನು: ತಟ್ಟೆ ತಿರುಗಿಸಿ ಬರೆಯುತ್ತಾನೆ, ಹಳಬ, ಅಗ್ಗ.
ತಿರುಗದವನು: ಚಿಪ್ಪಿನೊಳಗೆ ಸದ್ದಿಲ್ಲದೆ ಇಡುತ್ತಾನೆ, ಚುರುಕು, ದುಬಾರಿ.
ಬಾಡಿಗೆಯವನು ಏನನ್ನೂ ಮಾಡುವುದಿಲ್ಲ,
ಇಬ್ಬರಿಂದಲೂ ಚೌಕಾಶಿ ಮಾಡಿ ಕೊಂಡು
ತಿಂಗಳ ಲೆಕ್ಕಕ್ಕೆ ಜಾಗ ಕೊಡುತ್ತಾನೆ.

ಮೊನ್ನೆ ನೆಹರೂ ರಸ್ತೆಯಲ್ಲಿ, ಮಹಡಿ ಮೆಟ್ಟಿಲ ಕೆಳಗೆ
ಸತ್ತ ಡಿಸ್ಕು ಬಿಚ್ಚುವ ಜಬೀವುಲ್ಲಾನ ಹತ್ತಿರ ಹೋಗಿದ್ದೆ.
"ಯಾರದು ಹೆಚ್ಚು ಸತ್ತು ಬರ್ತದೆ ಮಾರಾಯ?"
"ತಿರುಗೋರದೇ ಮೇಡಂ, ನೋಡಿ, ಡಬ್ಬಿ ತುಂಬ."
ಚೀಟಿ ತೆಗೆದು ಅವನ ಹೆಸರಿಗೆ ಗೆರೆ ಎಳೆಯಹೊರಟೆ.
ಸ್ಕ್ರೂಡ್ರೈವರ್ ಅಡ್ಡ ಹಿಡಿದ:
"ಊರಲ್ಲಿ ಇರೋದೇ ಅವನದು ಜಾಸ್ತಿ.
ಮೆಗ್ಗಾನ್ ಆಸ್ಪತ್ರೆ ಬಾಗಿಲಲ್ಲಿ ನಿಂತು
ಊರಿನ ಆರೋಗ್ಯ ಲೆಕ್ಕ ಹಾಕ್ತೀರಾ?"
ಆಮೇಲೆ, ದನಿ ತಗ್ಗಿಸಿ,
"ಇನ್ನೊಬ್ಬಂದು ಸತ್ತರೆ ನನ್ನ ತನಕ ಬರೋದೇ ಇಲ್ಲ.
ಸದ್ದಿಲ್ಲದೆ ಹೋಗ್ತದೆ. ಬದುಕಿಸೋಕೆ ಏನೂ ಉಳಿಯಲ್ಲ."

ಮನೆಗೆ ಬರುವಾಗ ನೆನಪಾದದ್ದು ಕುಂಸಿ ದಾರಿಯ ಎರಡು ಬಸ್ಸು.
ಎಂಬತ್ತಾರರಲ್ಲಿ ನಾನು ದಿನಾ ಆಯನೂರಿಂದ ಬರುತ್ತಿದ್ದಾಗ
ಒಂದರ ಹಿಂದೆ ಇನ್ನೊಂದು, ಎರಡೇ ನಿಮಿಷ ಅಂತರ.
ಇವನು ನಾಲ್ಕಾಣೆ ಇಳಿಸಿದ, ಅವನು ಎಂಟಾಣೆ ಇಳಿಸಿದ,
ಇವನು ಹಾಡು ಹಾಕಿದ, ಅವನು ಸೀಟಿಗೆ ಗೌಸು ಹೊಲಿಸಿದ.
ನಾವು ಮಹಾರಾಣಿಯರ ಹಾಗೆ ಆರಿಸಿ ಹತ್ತುತ್ತಿದ್ದೆವು.
ಮೂರನೇ ವರ್ಷಕ್ಕೆ ಎರಡೂ ಬಸ್ಸು ಬ್ಯಾಂಕಿನವರ ಪಾಲು.
ಆ ಜಿದ್ದಿನಲ್ಲಿ ಮನೆ ಕಟ್ಟಿಸಿದವನು ಒಬ್ಬನೇ:
ಇಬ್ಬರ ಸವೆದ ಟಯರಿಗೂ ಹೊಸ ಚರ್ಮ ಹಾಕಿಕೊಟ್ಟ
ಸವಳಂಗ ರಸ್ತೆಯ ಅಂಗಡಿಯವ.

ಹಾಗಾದರೆ ಇಲ್ಲಿ ಟಯರಿನವನು ಯಾರು?
ತಟ್ಟೆಗೆ ಲೇಪ ಬಳಿಯುವವನೊಬ್ಬ ಇರಬೇಕು,
ಚಿಪ್ಪು ಕೊರೆಯುವ ಯಂತ್ರದವನೊಬ್ಬ.
ಬರೆದು, ಸುತ್ತ ಗೆರೆ ಹಾಕಿದೆ.
ಅಷ್ಟರಲ್ಲಿ ಪರದೆಯ ಮೇಲೆ ತಿರುಗುವವನು ಶೇಕಡಾ ಎರಡು ಏರಿದ.
ಹೊಟ್ಟೆಯೊಳಗೆ ಏನೋ ಜಾರಿತು.
ವಿವೇಕಕ್ಕೆ ಆಯುಸ್ಸು ಇಷ್ಟೇ.

ಬೇಡಿಕೆಯೇನೋ ಇದೆ, ಸುಳ್ಳಲ್ಲ.
ನಮ್ಮಲ್ಲಿ ಅವಧಿ ಮುಗಿದ ಕಡತಕ್ಕೆ ನಾಶಪಟ್ಟಿ ಬರೆಯುತ್ತಿದ್ದೆವು:
ನಂಬರು, ವಾದಿ, ಪ್ರತಿವಾದಿ, ಪುಟ, ಕೆಳಗೆ ನನ್ನ ಸಹಿ.
ಎಷ್ಟು ಬೇಲಿಜಗಳ, ಎಷ್ಟು ಜೀವನಾಂಶ
ಚೂರು ಮಾಡಿಸಿ ಭದ್ರಾವತಿಯ ಲಾರಿ ಹತ್ತಿಸಿದ್ದೇನೆ.
ಮರುದಿನ ಆ ಕಪಾಟು ಹೊಸ ಜಗಳಕ್ಕೆ ಖಾಲಿ.
ಈಗ? ಸೊಸೆಯ ಫೋನಿನಲ್ಲಿ ಒಂದೇ ಪಲ್ಯದ ಹದಿನಾಲ್ಕು ಫೋಟೋ.
ನನ್ನದರಲ್ಲಿ ಗುಡ್ ಮಾರ್ನಿಂಗ್ ಹೂವು, ಒಂಬೈನೂರು ಚಿಲ್ಲರೆ.
ಪಟ್ಟಿಗೆ ಸಹಿ ಹಾಕುವ ಕೈ ಲೋಕದಲ್ಲೆಲ್ಲೂ ಇಲ್ಲ.

ಆದರೆ ಊರಿಗೆಲ್ಲ ಬಾಯಾರಿದೆ ಅಂತ
ಕೋರ್ಪಲಯ್ಯನ ಛತ್ರದ ಮೆಟ್ಟಿಲಲ್ಲಿ ಕೂತು
ನೀರು ಮಾರಲಾದೀತೆ?
ದಾಹ ನಿಜ.
ಪಕ್ಕದಲ್ಲೇ ತುಂಗೆ ಹರಿಯುತ್ತಿರುವುದೂ ನಿಜ.
ಮೂವರೂ ಸೇರಿ ವರ್ಷವರ್ಷ ಆ ಹೊಳೆಯನ್ನು
ಇನ್ನಷ್ಟು ಅಗಲ ತೋಡುತ್ತಿದ್ದಾರೆ,
ಬಿಂದಿಗೆಯ ಬೆಲೆ ಯಾರ ಕೈಲೂ ನಿಲ್ಲುತ್ತಿಲ್ಲ.

ಎಂಟೂಕಾಲಿಗೆ ತಿರುಗುವವನ ನಾಲ್ಕು ಷೇರು ಕೊಂಡೆ.
ಯಾಕೆಂದು ಕೇಳಿದರೆ ಜಬೀವುಲ್ಲಾನ ಡಬ್ಬಿ ಅನ್ನಬೇಕಷ್ಟೆ:
ಸತ್ತ ಮೇಲೂ ಯಾರೋ ಹೊತ್ತು ತರುತ್ತಾರಲ್ಲ, ಅದಕ್ಕೆ.
ಟಯರಿನವನ ಹೆಸರು ಇನ್ನೂ ಸಿಕ್ಕಿಲ್ಲ.
ಉಳಿದ ದುಡ್ಡು ನಾಳೆ ಪೋಸ್ಟಾಫೀಸಿಗೆ ವಾಪಸು.

ಚೀಟಿ ಮಡಚಿಟ್ಟು, ಹಳೇ ಚಾಳಿ,
ಹೂವುಗಳನ್ನು ಒಂದೊಂದೇ ಗುರುತು ಹಾಕುತ್ತಾ ಹೋದೆ.
ದಾಸವಾಳ, ಸೇವಂತಿ, ಇಬ್ಬನಿಯ ಗುಲಾಬಿ.
ನಾನು ಪಾಲುದಾರಳಾದ ಕಂಪನಿಗೆ
ನನ್ನಿಂದಲೇ ಮೊದಲ ನಷ್ಟ.
ಅಳಿಸಲೇ, ಅಂದಿತು ಫೋನು.
ಖಂಡಿತವೇ, ಅಂತ ಇನ್ನೊಮ್ಮೆ.

ಕೋರ್ಟಿನಲ್ಲೂ ಎರಡು ಸಲ ಕೇಳುತ್ತಿದ್ದರು.