ಹದಿನೇಳನೇ ಮುಖ

ಕಲೀನಾದ ಆ ತಣ್ಣನ್ನ ಖೋಲಿಯೊಳಗ
ಹುಡುಗಿ ನನಗ ಕುರ್ಚಿ ಕೊಟ್ಟಳು, ಒತ್ತಾಕ ಎರಡು ಗುಂಡಿ ಕೊಟ್ಟಳು.
ಪರದೆ ಮ್ಯಾಲೆ ನಾಕು ಮುಖ. ಚಿಟಿಕಿ ಹೊಡಿಯೂದ್ರಾಗ ಮಾಯ.
ಆಮ್ಯಾಲೆ ಬರೇ ಬೂದಿ ಬಣ್ಣ.
ಆಮ್ಯಾಲೆ ಒಂದ ಮುಖ:
'ಕಾಕಾ, ಇದು ಆಗ ಇತ್ತೋ, ಇರಲಿಲ್ಲೋ?'

ನಕ್ಕೆ. ಮೂವತ್ತೊಂದು ವರ್ಷ ನಾ ಮಾಡಿದ್ದು
ಇದನ್ನ ಅಲ್ಲೇನು?
ವಡಾಳಾ ಡಿಪೋದ ಕೆಂಪು ಬಸ್ಸು.
ದಾದರದಾಗ ಹತ್ತಿದವರು ಹದಿನೇಳು, ಟಿಕೀಟು ಹರದದ್ದು ಹದಿನಾರು.
ಪಂಚು ಟಕ್ ಟಕ್ ಅನಿಸ್ಕೋತ ಸುಮ್ಮನ ನಿಂತರ
ಹದಿನೇಳನೇದು ತಾನ ಬಂದು ಕಣ್ಣಿಗೆ ಬಡೀತಿತ್ತು:
ಕಿಟಕಿ ಕಡೆ ಹೊಳ್ಳಿದ ಕತ್ತು,
ಸುಳ್ಳು ಹೇಳೂ ಕಿವಿ.

ಈಗ ಅರವತ್ತೊಂಬತ್ತು. ನಾಕರಾಗ ಎರಡು ಉಳದ್ರ ಹೆಚ್ಚು.
ಯಾವು ಉಳೀಬೇಕು ಅಂತ ನಾ ಆರಿಸಿದ್ದಲ್ಲ.
ನಗೂ ಹೆಂಗಸು ಉಳದಳು. ಹಲ್ಲುಬ್ಬ ಪೋರ ಉಳದ.
ಹುಬ್ಬು ಗಂಟು ಹಾಕಿದಾಂವ ಯಾವ ಸ್ಟಾಪಿಗೆ ಇಳದನೋ,
ಗಂಟಿ ಸುದ್ದಾ ಕೇಳಲಿಲ್ಲ.

ಗಾರ್ಗಿ, ಇಪ್ಪತ್ತೆರಡರಾಕಿ, ತನ್ನ ಲೆಕ್ಕಾನೂ ತೋರಿಸಿದಳು.
ನಾಕಕ್ಕ ನಾಕೂ ನೆನಪು. ಸಿಟ್ಟಿನ ಮುಖ ಅಂತೂ ಬಿಡಲೊಲ್ಲವು.
'ಮುಂಜಾನೆ ಲೋಕಲ್‌ನಾಗ ಒಬ್ಬಾಕಿ ಗುರ್ರಂತ ನೋಡಿದಳು, ಕಾಕಾ.
ಸಂಜಿ ಆತು. ಇನ್ನೂ ಇಳದಿಲ್ಲ ಆಕಿ.'
ಮರಾಠಿಯೊಳಗ ಅಂದಳು. ನಾ ಚಾ ಊದಿಕೋತ ಕೇಳಿದೆ.

ವಯಸ್ಸಾದವರು ಚಲೋದನ್ನಷ್ಟ ಹಿಡಕೋತಾರಂತ.
ಮನಸ್ಸಿಗೆ ಅದು ತಂಪಂತ.
ಇರಬಹುದು.
ಆದ್ರ ಪರೇಲದ ದವಾಖಾನಿಯಾಗ ಹನ್ನೊಂದು ರಾತ್ರಿ
ದ್ಯಾಮವ್ವನ ಮುಖಾನ ನೋಡಿಕೋತ ಕುಂತಾಂವ ನಾನು.
ನೋವಿಗೆ ಆ ತುಟಿ ಸೊಟ್ಟ ಆಗತಿದ್ದದ್ದು
ಎಡಕ್ಕೋ, ಬಲಕ್ಕೋ?
ಕಣ್ಣು ಮುಚ್ಚಿದ್ರ ಆಕಿ ಬಳಿ ಅಂಗಡಿ ಮುಂದ
ಮುಂಗೈ ದಪ್ಪಾತಂತ ನಗಾಕತ್ತಾಳ.
ಬಳಿಗಾರನೂ ನಗಾಕತ್ತಾನ.
ಅಂವನ ಬಂಗಾರದ ಹಲ್ಲು ಸೈತ ಕಾಣತೈತಿ.

ಇಷ್ಟ ಸಾಲೂದಿಲ್ಲ ನನಗ.
ಆ ಇನ್ನೊಂದು ಮುಖಾನೂ ಹತ್ತಿತ್ತು ನನ್ನ ಬಸ್ಸು.
ಪೂರಾ ರೊಕ್ಕಾ ಕೊಟ್ಟಿತ್ತು.

'ಇನ್ನೊಮ್ಮೆ ಹಚ್ಚವಾ' ಅಂದೆ.
ಪರದೆ ಬೂದಿ ಆತು.
ಹಿಂದಿನ ಬಾಗಲದಾಗ ನಿಂತೀನಿ.
ಹಗ್ಗ ಕೈಯಾಗ ಐತಿ,
ಜಗ್ಗಿಲ್ಲ ಇನ್ನೂ.