ನೇರಳೆ ಮುಚ್ಚಳ

ಕುರ್ಲಾದ ಮೋಟರ್‌ಮನ್‌ಗಳ ಕೋಣೆಯಲ್ಲಿ ಬೆಳಗಿನ ಆರಕ್ಕೆ
ಒಂದು ಮೇಜು, ಎರಡು ಕುರ್ಚಿ, ನನ್ನ ಐಸ್ ಪೆಟ್ಟಿಗೆ.
ಬರಿಹೊಟ್ಟೆಯಲ್ಲಿ ಬನ್ನಿ ಅಂದಿದ್ದೆವು. ಬಂದಿದ್ದಾರೆ,
ಚಹಾ ಕುಡಿಯದ ಸಿಟ್ಟನ್ನು ಮುಖದ ಮೇಲೆ ಹೊತ್ತು.

ಮೊದಲು ಫಾರ್ಮು. ಇಪ್ಪತ್ತು ಪ್ರಶ್ನೆ, ಮರಾಠಿಯಲ್ಲಿ.
ಕೆಟ್ಟ ಕನಸು ಬೀಳುತ್ತವೆಯೇ? ಇಲ್ಲ.
ಸದ್ದಿಗೆ ಬೆಚ್ಚುತ್ತೀರಾ? ಇಲ್ಲ.
ಉಳಿದದ್ದಕ್ಕೆ ಪೆನ್ನು ಎತ್ತದೆ ಮೇಲಿಂದ ಕೆಳಗೆ
ಒಂದೇ ಗೆರೆ ಎಳೆದರು ರೇವಣಸಿದ್ಧ ಹತ್ತೂರೆ,
ವಯಸ್ಸು ನಲವತ್ತೊಂಬತ್ತು, ಹದಿನೆಂಟು ವರ್ಷದ ಸರ್ವಿಸು.
ಒಂದು ಹೌದು ಬಿದ್ದರೆ ಕ್ಯಾಬಿನ್ನಿಂದ ಇಳಿಸುತ್ತಾರೆ,
ಗುಮಾಸ್ತನ ಕುರ್ಚಿಗೆ ಹಾಕುತ್ತಾರೆ, ಭತ್ಯೆ ಹೋಗುತ್ತದೆ
ಎಂಬ ಹೆದರಿಕೆ ಆ ಕೋಣೆಯಲ್ಲಿ ಎಲ್ಲರದೂ.

"ಮುಷ್ಟಿ ಬಿಗಿ ಹಿಡೀರಿ" ಅಂದೆ, ಬಾಯಿತಪ್ಪಿ, ಕನ್ನಡದಲ್ಲಿ.
ತಲೆ ಎತ್ತಿದರು. "ಯಾವೂರವ್ವಾ?"
"ಅಕ್ಕಲಕೋಟ."
"ನಾ ಹೋಟಗಿ."
ಆಮೇಲೆ, ಸೂಜಿ ಒಳಗಿದ್ದಷ್ಟು ಹೊತ್ತು:

"ಆರು ಮಂದಿ. ಲೆಕ್ಕ ಇಟ್ಟೇನಿ.
ಐದು ಮಂದಿ ಹಳಿ ದಾಟಾವ್ರು, ಅವಸರದಾಗ.
ಒಬ್ಬಾಕಿ ಮಾತ್ರ ನಿಂತು ನನ್ನ ಕಡೆ ನೋಡಿದಳು.
ದಿವಾ ದಾಟಿದ ಮ್ಯಾಲಿನ ತಿರುವು.
ಬ್ರೇಕ್ ಹಾಕಿದರೂ ಗಾಡಿ ತನ್ನ ಹೊತ್ತು ತಗೋತೈತಿ.
ಆ ಹೊತ್ತಿನಾಗ ಆಕಿ ಸೆರಗು ಸರಿ ಮಾಡ್ಕೊಂಡಳು."

ನಳಿಕೆ ತುಂಬಿತು. ನೇರಳೆ ಮುಚ್ಚಳ.
ಎಂಟು ಸಲ ಮೆಲ್ಲಗೆ ಮಗುಚಬೇಕು, ಕುಲುಕಬಾರದು.
ಹೆದರಿ ನೆತ್ತರು ಹೆಪ್ಪುಗಟ್ಟಿತು ಅನ್ನುತ್ತೇವೆ ನಾವು;
ಇದರೊಳಗೆ ಹೆಪ್ಪುಗಟ್ಟದಿರಲಿ ಎಂದೇ
ಒಳಗೋಡೆಗೆ ಉಪ್ಪು ಸವರಿರುತ್ತಾರೆ.

ಪರೇಲಿನ ಲ್ಯಾಬಿನಲ್ಲಿ ಯಂತ್ರ ಹತ್ತು ನಿಮಿಷ ಗಿರಗಿರ ತಿರುಗುತ್ತದೆ.
ಕೆಂಪು ಕೆಳಗೆ ಕೂತು, ಮೇಲೆ ಗೋಧಿಹುಲ್ಲಿನ ಬಣ್ಣದ ನೀರು.
ಡಾಕ್ಟರ್ ಘಾಟೆ ಮೇಡಂ ಹುಡುಕುವುದು ಅದರಲ್ಲಿ:
ಮುಂಜಾನೆ ಏರಬೇಕಾದ ಕಾರ್ಟಿಸೋಲ್ ಏರಿತೆ,
ಗಾಯವಿಲ್ಲದ ಮೈಯಲ್ಲಿ ಉರಿಯೂತದ ಗುರುತು ಯಾಕೆ.
"ಒಂದರಿಂದ ಆಗೋದಿಲ್ಲ," ಅನ್ನುತ್ತಾರೆ. "ಒಂದೊಂದೂ ಕಚ್ಚಾ ಸಾಕ್ಷಿ.
ಹತ್ತು ಕೂಡಿ ಒಂದೇ ಮಾತು ಆಡಿದರೆ ನಂಬಬಹುದೋ ಏನೋ."
ಆ ಏನೋವನ್ನು ಪ್ರತಿ ಸಲ ಸೇರಿಸುತ್ತಾರೆ.
ಅದಕ್ಕೇ ನನಗೆ ಅವರು ಇಷ್ಟ.

ಸೆರಗು ಸರಿಮಾಡಿಕೊಂಡದ್ದು ಯಾವ ಅಣುವಿನಲ್ಲಿರುತ್ತದೆ
ಎಂದು ನಾನು ಕೇಳಲಿಲ್ಲ.

ಹೋಲಿಸಲು ಏನೂ ಆಗದವರ ರಕ್ತವೂ ಬೇಕು.
ಮೂವತ್ತು ಬೇಕಿತ್ತು, ಇಪ್ಪತ್ತೊಂಬತ್ತು ಸಿಕ್ಕಿತು.
"ಗುರುದೇವಿ, ನೀನೇ ಕೊಡು."
ಕೊಟ್ಟೆ. ಫಾರ್ಮೂ ತುಂಬಿದೆ.
ಜೀವಕ್ಕೆ ಕುತ್ತು ತಂದ ಘಟನೆ ಯಾವುದಾದರೂ?
ಇಲ್ಲ.

ಇಲ್ಲ ಎಂದು ಬರೆದ ಈ ಕೈ
ಏಳು ವರ್ಷದ ಹಿಂದೆ, ಸ್ಟೇಷನ್ ಸೇತುವೆಯ ಮೆಟ್ಟಿಲಲ್ಲಿ,
ನೂಕುನುಗ್ಗಲೊಳಗೆ, ಗುರುತಿಲ್ಲದ ಹುಡುಗಿಯೊಬ್ಬಳ
ಡಬ್ಬಿ ಚೀಲದ ಪಟ್ಟಿ ಹಿಡಿದಿತ್ತು.
ಪಟ್ಟಿ ನನ್ನ ಕೈಯಲ್ಲೇ ಉಳಿಯಿತು.
ಈಗ ಗೇಟು ಸುತ್ತಿ ಬರುತ್ತೇನೆ, ಇಪ್ಪತ್ತು ನಿಮಿಷ ಜಾಸ್ತಿ.
ನಡೆದರೆ ಶುಗರ್ ಬರೋದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ.

ಮೈನಸ್ ಎಂಬತ್ತರ ಪೆಟ್ಟಿಗೆಯಲ್ಲಿ ಮೇಲಿನ ಸಾಲು ಅವರದು,
ಕೆಳಗಿನ ಸಾಲು ಸುಖವಾಗಿರುವವರದು. ಕೊನೆಯದು ನಾನು.
ಹೆಸರಿಲ್ಲ, ಬರೀ ನಂಬರು.
ರಾತ್ರಿ ಲೆಕ್ಕ ಹಾಕಿದೆ: ಹತ್ತೂರೆಯವರ ನೆತ್ತರು
ಅವರ ಬಾಯಿ ಹೇಳದ್ದನ್ನು ಹೇಳಿಯೇಬಿಟ್ಟರೂ,
ನನ್ನದೂ ಅದನ್ನೇ ಹೇಳಿದರೆ
ಇದು ಚೆನ್ನಾಗಿರುವವರಲ್ಲೂ ಇರುತ್ತದೆ ಬಿಡಿ
ಅಂದುಬಿಡುತ್ತಾರೆ. ಒಬ್ಬಳಿಂದ ಎಷ್ಟು ಕೆಟ್ಟೀತು?
ಮೂವತ್ತರಲ್ಲಿ ಒಬ್ಬಳು.
ಉಳಿದ ಇಪ್ಪತ್ತೊಂಬತ್ತು ಮಂದಿ ಏನು ಬರೆದರೋ.

ಇವತ್ತು ಕೈಗವಸು ಹಾಕಿ ಪೆಟ್ಟಿಗೆ ತೆರೆದು ನಿಂತೆ.
ಬಿಳಿ ಹೊಗೆ ಮೊಣಕಾಲಿನವರೆಗೆ ಇಳಿಯಿತು.
ಬಾಗಿಲು ತೆರೆದೇ ಇದ್ದರೆ ಅದು ಕೂಗಿಕೊಳ್ಳುತ್ತದೆ, ಗೊತ್ತಿತ್ತು.
ಕೂಗಿತು.
ಗೊತ್ತಿದ್ದೂ ಬೆಚ್ಚಿದೆ.
ಆಚೆ ಕೋಣೆಯಲ್ಲಿ ಮೇಡಂ ಕುರ್ಚಿ ಹಿಂದೆ ಸರಿಸಿ ಎದ್ದ ಸದ್ದು.