ಎಡಗಡೆ ಬಂದು ಹೇಳಿ

ಎಡಗಡೆ ಬಂದು ಹೇಳಿ ರೈಟರ್ರೇ,
ಬಲಗಿವಿ ನಮ್ಮದು ಅಂಗಡಿಗೇ ಬರೆದುಕೊಟ್ಟಾಯ್ತು.
ಸೌಂಡು ಬೇಕು. ಸರಿ.
ಎಷ್ಟು ಬೇಕು?
ಉಪ್ಪಳ್ಳಿ ದಾಟಿ ಕೇಳಬೇಕಾ, ಆಲ್ದೂರಿನ ತನಕವಾ?

ತಮಾಷೆಗಂದೆ. ಕೂತ್ಕೊಳ್ಳಿ, ಆ ಟೈರಿನ ಮೇಲೆ.
ಆದ್ರೂ ಒಂದು ಮಾತು:
ಎಸ್ಟೇಟಿನ ರೈಟರಿಗೆ ಸದ್ದಿನ ಗಾಡಿ ಯಾತಕ್ಕೆ?
ನೀವು ಎರಡು ತಿರುವು ಆಚೆ ಇರುವಾಗಲೇ
ಆಳುಗಳು ಎಲೆಅಡಿಕೆ ಉಗಿದು
ಗಿಡಕ್ಕೆ ಕೈ ಹಾಕಿರ್ತಾರೆ.
ನೀವು ಬರೋ ಹೊತ್ತಿಗೆ ಎಲ್ಲರೂ ಪ್ರಾಮಾಣಿಕರು.

ಬರೀ ಸೈಲೆನ್ಸರ್ ಬಿಚ್ಚಿ ಹೊಸದು ಸಿಕ್ಕಿಸೋದು
ಹತ್ತು ನಿಮಿಷದ ಕೆಲಸ,
ಬಸ್‌ಸ್ಟ್ಯಾಂಡ್ ಹಿಂದಿನ ಹುಡುಗರೂ ಮಾಡ್ತಾರೆ.
ಬಿಡೋ ಉಸಿರಿಗೆ ದಾರಿ ಮಾಡಿ
ತಗೊಳ್ಳೋ ಉಸಿರಿಗೆ ಮೂಗು ಹಿಡಿದರೆ?
ನೋಡಿ ನಿಮ್ಮ ಫಿಲ್ಟರು:
ಕಾಫಿ ಕಣದ ಹೊಟ್ಟು, ಒಂದು ಸತ್ತ ಜೇನು,
ಹೋದ ವರ್ಷದ ಧೂಳು ಹಾಗೇ ಮಡಚಿಟ್ಟಿದೆ.
ಇದನ್ನು ಬಿಸಾಕಿ ಸ್ಪಂಜಿಂದು ಹಾಕ್ತೀನಿ, ಎಣ್ಣೆ ಸವರಿ.
ಗಾಳಿ ಜಾಸ್ತಿ ಆಯ್ತಾ, ಹೊಟ್ಟೆಗೆ ಪೆಟ್ರೋಲ್ ಸಾಲಲ್ಲ.
ನೂರೈದರ ಜೆಟ್ ತೆಗೆದು ನೂರಹನ್ನೆರಡು,
ಸೂಜಿ ಒಂದು ಕಚ್ಚು ಮೇಲಕ್ಕೆ.
ಆಮೇಲೆ ಕಡೂರು ರಸ್ತೆಯ ನೇರದಲ್ಲಿ
ಪೂರ್ತಿ ತಿರುವಿ, ಕ್ಲಚ್ ಹಿಡಿದು, ಕೀ ಆಫ್ ಮಾಡಿ
ಅಲ್ಲೇ ಮರದಡಿ ಪ್ಲಗ್ ಬಿಚ್ಚೋದು.
ಬೆಳ್ಳಗಿದ್ದರೆ ಉಪವಾಸ.
ಕಪ್ಪಗಿದ್ದರೆ ಅಜೀರ್ಣ.
ಚಿಕೋರಿ ಹಾಕದ ಕಾಫಿಪುಡಿ ಬಣ್ಣ ಬಂತಾ,
ಆವತ್ತು ನಾನು ದುಡ್ಡು ಕೇಳೋಕೆ ನಾಚ್ಕೊಳ್ಳಲ್ಲ.

ಅದೇ ಗಾಡಿ ಮುಳ್ಳಯ್ಯನಗಿರಿಗೆ ಹತ್ತಿಸಿ,
ಕೈಮರ ದಾಟಿದ ಮೇಲೆ ಗೊಗ್ಗರು ದನಿ ತೆಗೆಯುತ್ತೆ.
ತಪ್ಪು ಗಾಡಿದಲ್ಲ, ನನ್ನದೂ ಅಲ್ಲ.
ಮೇಲೆ ಗಾಳಿ ತೆಳು:
ಊಟ ಅಷ್ಟೇ, ಉಸಿರು ಕಮ್ಮಿ.
ಗುಡ್ಡಕ್ಕೂ ಬಯಲಿಗೂ ಒಪ್ಪೋ ಟ್ಯೂನಿಂಗು
ಯಾವ ಉಸ್ತಾದನ ಹತ್ರಾನೂ ಇಲ್ಲ,
ನೀವು ದಿನಾ ಎಲ್ಲಿರ್ತೀರೋ ಅಲ್ಲಿಗೆ ಕೂರಿಸ್ತೀನಿ.

ಒಳಗಿನ ಜಾಲರಿ ಕೊಳವೆ ಮಾತ್ರ ತೆಗೆಯಲ್ಲ. ಬೈಬೇಡಿ.
ಹೋದ ತಿಂಗಳು ಠಾಣೆ ಮುಂದೆ
ಸೈಲೆನ್ಸರುಗಳನ್ನ ಸಾಲಾಗಿ ಮಲಗಿಸಿ
ರೋಡ್‌ರೋಲರ್ ಹತ್ತಿಸಿದ್ರು.
ಜನ ಫೋನ್ ಹಿಡಿದು ನಿಂತಿದ್ರು. ನಾನೂ ನಿಂತಿದ್ದೆ.
ನಾಲ್ಕನೇದು ನನ್ನದು.
ವೆಲ್ಡಿಂಗಿನ ಹೊಲಿಗೆ ಗುರ್ತು ಸಿಕ್ತು,
ಅಕ್ಕಸಾಲಿಗೆ ತಾನು ಮಾಡಿದ ಓಲೆ
ಯಾರ ಕಿವಿಯಲ್ಲಿದ್ರೂ ಸಿಗೋ ಹಾಗೆ.
ಚಪ್ಪಟೆ ಆದ್ರೂ ಹೊಲಿಗೆ ಬಿಟ್ಟಿರಲಿಲ್ಲ.
ಸದ್ದೇನಾದ್ರೂ ಬಂತಾ, ಗೊತ್ತಿಲ್ಲ,
ನಾನು ತಪ್ಪು ಕಡೆ ನಿಂತಿದ್ದೆ.

ಮಂಗಳೂರಲ್ಲಿ ಕಿವಿ ಡಾಕ್ಟ್ರು
ಗಾಜಿನ ಕೋಣೇಲಿ ಕೂರಿಸಿ ಹೆಡ್‌ಫೋನ್ ಹಾಕಿದ್ರು.
‘ಕೇಳಿಸಿದಾಗ ಬೆರಳೆತ್ತಿ ಗೌಸ್ ಸಾಬ್.’
ಎಡದ್ದು ಮುಗಿಸಿ ಬಲದ್ದಕ್ಕೆ ಬಂದ್ರು.
ಬಹಳ ಹೊತ್ತು ಕೂತೆ,
ಕೈ ಮೊಣಕಾಲ ಮೇಲೆ, ಬೆರಳು ತಯಾರು.
‘ಶುರು ಮಾಡಿ ಡಾಕ್ಟ್ರೇ’ ಅಂದೆ.
ಮುಗೀತು ಅಂತ
ಗಾಜಿನಾಚೆ ಅವರ ತುಟಿ ನೋಡಿ ಗೊತ್ತಾಯ್ತು.
ಇಪ್ಪತ್ತಾರು ವರ್ಷ ಒಂದೇ ಮಣೆ, ಒಂದೇ ಮಗ್ಗುಲು.
ಸೈಲೆನ್ಸರ್ ಇರೋದೇ ಬಲಗಡೆ ಅಲ್ವಾ.

ಇರಲಿ. ಸ್ಟಾರ್ಟ್ ಮಾಡಿ.
ಈ ಸ್ಕ್ರೂಡ್ರೈವರ್ ತುದಿ ಇಂಜಿನ್ನಿಗೆ ಊರಿ
ಹಿಡಿ ಹಲ್ಲಲ್ಲಿ ಕಚ್ಕೋತೀನಿ.
ಟ್ಯಾಪೆಟ್ಟು, ಚೈನು, ಬೇರಿಂಗು,
ಅವೆಲ್ಲ ನನಗೆ ಮೂಳೆಗೇ ಬಂದು ಹೇಳ್ತವೆ.
ಅರ್ಧ ಆಕ್ಸಿಲೇಟರ್ ದಾಟುವಾಗ
ಒಂದು ಚಿಟಿಕೆ ಹೊತ್ತು ಗಂಟಲು ಕಟ್ಟುತ್ತಲ್ಲ,
ಅದು ಬರಲ್ಲ.
ಅದಕ್ಕೆ ನೀವು ಬೇಕು.

ಫೋನ್ ಒಳಗಿಡಿ.
ನಿಧಾನ ತಿರುವಿ.
ತಡವರಿಸಿದ ಕಡೆ
ಬೆರಳೆತ್ತಿ.